ಚೊಚ್ಚಲ ಹೆರಿಗೆಗೆಲ್ಲ ಕತ್ತರಿಯೇಕೆ?

ಮಾನ್ಯರೇ,

ಮಗಳ ಚೊಚ್ಚಲ ಹೆರಿಗೆಯಲ್ಲಿ ಎಪಿಸಿಯೋಟಮಿ, ಅಂದರೆ ಯೋನಿದ್ವಾರದ ಅಂಚಿಗೆ ಕತ್ತರಿ ಹಾಕಿದ್ದಾರೆಂಬುದು ನಮಗೆ ತಿಳಿದದ್ದು, ಮೂರನೆಯ ದಿನ ಅವಳು ನೆಟ್ಟಗೆ ಕೂರಲಾಗದೆ ಒಂದು ಮಗ್ಗುಲಿಗೆ ವಾಲಿಕೊಂಡೇ ಮಗುವಿಗೆ ಹಾಲೂಡಿಸುತ್ತಿದ್ದುದನ್ನು ಕಂಡು ವಿಚಾರಿಸಿದಾಗ. ‘ಮೊದಲ ಹೆರಿಗೆಯಲ್ಲಿ ಎಲ್ಲರಿಗೂ ಹಾಕುತ್ತೇವಮ್ಮ’ ಎಂದರು ದಾದಿ. ಆ ‘ಎಲ್ಲರಿಗೂ’ ಎಂಬುದೇ ನನ್ನ ತಕರಾರು. ಮಗುವಿನ ಎದೆಬಡಿತ ಕುಸಿದಾಗ, ಇಕ್ಕಳ ಬಳಸಬೇಕಾದಾಗ ಕತ್ತರಿ ಬೇಕಾಗಬಹುದು, ಒಪ್ಪುತ್ತೇನೆ. ಆದರೆ ಬರಿಯ ವಾಡಿಕೆಯಾಗಿ ಅದನ್ನು ಹಾಕಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೇ ಹೇಳುತ್ತದೆ. ಹೆರಿಗೆಗೆ ಮುನ್ನ ಗುಪ್ತಾಂಗದ ಕೂದಲು ಬೋಳಿಸುವುದೂ ಮಲ ಹೊರಹೋಗಲೆಂದು ಎನಿಮಾ ಕೊಡುವುದೂ ಅದರ ಪ್ರಕಾರ ಅನಗತ್ಯ. ಸಿಸೇರಿಯನ್ನಿಗಾದರೆ ಲೆಕ್ಕವಾದರೂ ಸಿಗುತ್ತದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶೇ 14.3, ಖಾಸಗಿಯಲ್ಲಿ ಶೇ 47.4. ಕತ್ತರಿಯ ಲೆಕ್ಕವನ್ನೂ ಆಸ್ಪತ್ರೆಗಳು ಫಲಕದಲ್ಲಿ ಪ್ರಕಟಿಸುವಂತೆ, ಗರ್ಭಿಣಿಗೆ ಮೊದಲೇ ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪಡೆಯುವಂತೆ ಆರೋಗ್ಯ ಇಲಾಖೆ ಆದೇಶಿಸಲಿ.

– ಬಾಣಂತಿಯ ತಾಯಿ, ಶಿವಮೊಗ್ಗ