ಮುಖ ಕಾಣದ ಮಾತಿನಲ್ಲಿ ಮರ್ಯಾದೆ

ಮಾನ್ಯ ಸಂಪಾದಕರೇ,

ಅಂತರ್ಜಾಲದ ಮಾತುಕತೆಯಲ್ಲಿ ಸಭ್ಯತೆ ಉಳಿದಿಲ್ಲ ಎಂಬ ಚರ್ಚೆ ಎದ್ದಾಗಲೆಲ್ಲ ಅದು ಬೆದರಿಕೆ, ಅಶ್ಲೀಲ ನಿಂದನೆ, ನಕಲಿ ಖಾತೆಗಳ ಸುತ್ತಲೇ ತಿರುಗಿ, ಕಠಿಣ ಕಾನೂನು ಬೇಕು ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಅವು ಅಪರಾಧಗಳು, ವಿಚಾರಿಸಿಕೊಳ್ಳಲು ಪೊಲೀಸರೂ ನ್ಯಾಯಾಲಯಗಳೂ ಇವೆ. ನಾನು ಈ ಪತ್ರ ಬರೆಯುತ್ತಿರುವುದು ಯಾವ ಕಾನೂನಿನ ವ್ಯಾಪ್ತಿಗೂ ಬಾರದ, ಆದರೆ ಸ್ನೇಹ, ನಂಟಸ್ತಿಕೆ, ಸಹೋದ್ಯೋಗಿಗಳ ನಡುವಿನ ವಿಶ್ವಾಸಗಳನ್ನು ದಿನದಿನವೂ ಸವೆಸುತ್ತಿರುವ ಇನ್ನೊಂದು ಬಗೆಯ ಒರಟುತನದ ಕುರಿತು. ಎದುರಿಗೆ ಸಿಕ್ಕಾಗ ಎದ್ದು ನಿಂತು ಕುರ್ಚಿ ಬಿಟ್ಟುಕೊಡುವವರು, ವಿಷಯಕ್ಕೆ ಬರುವ ಮುನ್ನ ಕ್ಷೇಮಸಮಾಚಾರ ವಿಚಾರಿಸುವವರು, ಒಟ್ಟಿನಲ್ಲಿ ಸಂಭಾವಿತರೆನಿಸಿಕೊಂಡವರೇ ಮೊಬೈಲ್ ಕೈಗೆ ಬಂದ ಕೂಡಲೇ ಒಂದೇ ಸಾಲಿನಲ್ಲಿ ಇನ್ನೊಬ್ಬರ ಮನಸ್ಸು ಮುರಿಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಯಾರನ್ನೂ ನೋಯಿಸುವ ಉದ್ದೇಶ ಇರುವುದಿಲ್ಲ. ಓದುವವರಿಗೆ ತಮ್ಮ ಮುಖ ಕಾಣುತ್ತಿಲ್ಲ, ದನಿ ಕೇಳುತ್ತಿಲ್ಲ ಎಂಬುದನ್ನು ಮರೆತು, ಎದುರಿಗೆ ಕೂತವರೊಡನೆ ಮಾತನಾಡುವ ಅವಸರದಲ್ಲೇ ಬರೆಯುವುದರಿಂದ ಈ ಅನಾಹುತ ಆಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

‘ಆಯ್ತು ಬಿಡಿ’ ಎಂಬುದನ್ನು ನಗುತ್ತ ಹೇಳಿದರೆ ಸಮ್ಮತಿ, ನಿಟ್ಟುಸಿರು ಬಿಟ್ಟು ಹೇಳಿದರೆ ಬೇಸರ, ಮುಖ ತಿರುಗಿಸಿ ಹೇಳಿದರೆ ಜಗಳದ ಆರಂಭ. ಬರಹದಲ್ಲಿ ಮೂರಕ್ಕೂ ಒಂದೇ ರೂಪ; ಯಾವುದೆಂದು ತೀರ್ಮಾನಿಸುವವರು ಓದುವವರು, ಅದೂ ಆ ಗಳಿಗೆಯಲ್ಲಿ ಅವರ ಮನಸ್ಸು ಹೇಗಿದೆಯೋ ಹಾಗೆ. ಬರೆದವರಿಗೆ ಮಾತ್ರ ಈ ಅಪಾಯ ಹೊಳೆಯುವುದೇ ಇಲ್ಲ, ಏಕೆಂದರೆ ಬರೆಯುವಾಗ ಅವರ ಕಿವಿಯಲ್ಲಿ ಅವರದೇ ದನಿ ಮೊಳಗುತ್ತಿರುತ್ತದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಮನೋವಿಜ್ಞಾನದ ಅಧ್ಯಯನವೊಂದರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಲಾಗಿತ್ತು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ತಿಳಿಸಬೇಕು; ಕೆಲವರು ಇ-ಮೇಲ್ ಮೂಲಕ, ಇನ್ನು ಕೆಲವರು ದನಿಯ ಮೂಲಕ. ಇ-ಮೇಲ್ ಬರೆದವರು ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸಲ ತಮ್ಮ ಧಾಟಿ ಓದುವವರಿಗೆ ಸರಿಯಾಗಿ ತಿಳಿಯುತ್ತದೆ ಎಂದು ನಂಬಿದ್ದರು. ನಿಜದಲ್ಲಿ ತಿಳಿದದ್ದು ಅರ್ಧಕ್ಕಿಂತ ತುಸು ಹೆಚ್ಚು ಸಲ, ಎಂದರೆ ಕಣ್ಣುಮುಚ್ಚಿ ಊಹಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ದನಿಯಲ್ಲಿ ಹೇಳಿದವರ ಮಾತು ಮಾತ್ರ ಬಹುಮಟ್ಟಿಗೆ ಅವರು ಎಣಿಸಿದಂತೆಯೇ ತಲುಪಿತ್ತು.

ಈ ತೊಡಕು ಹೊಸದಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ 1982ರ ಸೆಪ್ಟೆಂಬರ್ 19ರಂದು, ತಮಾಷೆಯ ಮಾತನ್ನು ಸಹೋದ್ಯೋಗಿಗಳು ನಿಜವೆಂದು ತಿಳಿಯದಿರಲಿ ಎಂದು, ಅದರ ಜೊತೆಗೆ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಸೇರಿದ ನಗುಮುಖವನ್ನು ಹಾಕೋಣ ಎಂದು ಸೂಚಿಸಿದರು. ವಿದ್ವಾಂಸರ ಸಣ್ಣ ಬಳಗವೊಂದಕ್ಕೇ ಅಂದು ಹೀಗೊಂದು ಗುರುತು ಬೇಕಾಗಿತ್ತು ಎಂದಮೇಲೆ, ಪರಸ್ಪರ ಪರಿಚಯವೇ ಇಲ್ಲದ ನೂರಾರು ಜನರ ಗುಂಪಿನಲ್ಲಿ ಬರೆಯುವ ನಮಗೆ ಎಷ್ಟು ಎಚ್ಚರ ಬೇಕು? ಇಮೋಜಿ ಒಂದಿಷ್ಟು ನೆರವಾಗುತ್ತದೆ, ಪೂರ್ತಿಯಾಗಿ ಅಲ್ಲ. ಚುಚ್ಚುಮಾತಿನ ಪಕ್ಕದಲ್ಲಿ ನಗುಮುಖ ಕೂತರೆ ಚುಚ್ಚು ಇನ್ನೂ ಆಳಕ್ಕಿಳಿಯುವುದೂ ಉಂಟು. ವ್ಯಂಗ್ಯವನ್ನು ನಮ್ಮನ್ನು ಚೆನ್ನಾಗಿ ಬಲ್ಲವರಿಗೆ ಮೀಸಲಿಟ್ಟು, ಉಳಿದವರಿಗೆ ಹೇಳಬೇಕಾದ್ದನ್ನು ನೇರವಾಗಿ, ಒಂದು ವಾಕ್ಯ ಹೆಚ್ಚಾದರೂ ಚಿಂತೆಯಿಲ್ಲ, ಬಿಡಿಸಿ ಬರೆಯುವುದು ಲೇಸು.

ಓದುವವರ ಮೇಲೂ ಇದೇ ಹೊಣೆ ಇದೆ. ಎರಡು ಅರ್ಥ ಬರುವ ಸಂದೇಶ ಬಂದಾಗ ಕೆಟ್ಟ ಅರ್ಥವನ್ನೇ ಹಿಡಿದು ಉತ್ತರಿಸುವುದು ಸುಲಭ. ‘ನೀವು ಹೇಳಿದ್ದು ಹೀಗೆ ಎಂದು ತಿಳಿದುಕೊಂಡೆ, ಸರಿಯೇ?’ ಎಂದು ಕೇಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಕಾರ್ಯಪಡೆ 1995ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 1855 ಎಂಬ ದಾಖಲೆಯನ್ನು ಹೊರತಂದಿತು. ಇಂಟೆಲ್ ಕಂಪನಿಯಲ್ಲಿದ್ದ ಸ್ಯಾಲಿ ಹ್ಯಾಂಬ್ರಿಜ್ ಬರೆದ ಆ ದಾಖಲೆ ಪೂರ್ತಿಯಾಗಿ ಶಿಷ್ಟಾಚಾರಕ್ಕೆ ಮೀಸಲು. ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಎಂಬುದು ಅದರ ಒಂದು ಸಲಹೆಯ ತಾತ್ಪರ್ಯ. ಆವೇಶದಲ್ಲಿ ಬರೆದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳಿಸಿರಿ ಎಂಬುದು ಇನ್ನೊಂದು. ಮೂವತ್ತು ವರ್ಷಗಳ ಹಿಂದೆ, ಸಂಪರ್ಕವೇ ನಿಧಾನವಾಗಿದ್ದ ಕಾಲದಲ್ಲಿ ಅವರಿಗೆ ಈ ಮಾತು ಹೇಳಬೇಕೆನಿಸಿತು. ಕ್ಷಣಮಾತ್ರದಲ್ಲಿ ಉತ್ತರ ಹಾರಿಹೋಗುವ ಈ ದಿನಗಳಲ್ಲಿ ನಾವು ಅದನ್ನು ಮರೆತೇಬಿಟ್ಟಿದ್ದೇವೆ.

ಪತ್ರಿಕೆಗೆ ಬರೆದ ಪತ್ರಕ್ಕೆ ಒಂದು ಅನುಕೂಲವಿದೆ. ಅದು ಓದುಗರನ್ನು ತಲುಪುವ ಮುನ್ನ ತಮ್ಮಂಥವರ ಕಣ್ಣಿಗೆ ಬೀಳುತ್ತದೆ. ಅನಗತ್ಯ ಕಟುಮಾತು ಅಲ್ಲಿಯೇ ಕಳಚಿಬೀಳುತ್ತದೆ. ಅಂತರ್ಜಾಲದಲ್ಲಿ ಬರೆಯುವವನಿಗೆ ತನ್ನ ಹೊರತು ಬೇರೆ ಸಂಪಾದಕರಿಲ್ಲ. ಕಳಿಸಿದ ಸಂದೇಶವನ್ನು ಎಲ್ಲರ ಪರದೆಯಿಂದಲೂ ಅಳಿಸುವ ಸೌಲಭ್ಯವನ್ನು ವಾಟ್ಸ್‌ಆ್ಯಪ್ 2017ರಲ್ಲಿ ಕೊಟ್ಟಿತು, ಹದಿನೈದು ನಿಮಿಷದೊಳಗೆ ತಿದ್ದುವ ಸೌಲಭ್ಯವನ್ನು 2023ರಲ್ಲಿ ಕೊಟ್ಟಿತು. ಇವು ಅಕ್ಷರದೋಷ ತಿದ್ದಲು ಉಪಯುಕ್ತ. ಆದರೆ ಓದಿದ ಅವಮಾನ ಓದಿದವರ ಮನಸ್ಸಿನಿಂದ ಅಳಿಯುವುದಿಲ್ಲ, ಅಷ್ಟರೊಳಗೆ ಯಾರಾದರೂ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್ ಕೂಡ ಅಳಿಯುವುದಿಲ್ಲ.

ಇನ್ನು ಗುಂಪುಗಳ ವಿಷಯ. ಕುಟುಂಬದ ಹಿರಿಯರೊಬ್ಬರು ಸುಳ್ಳು ಸುದ್ದಿಯೊಂದನ್ನು ನಂಬಿ, ಎಲ್ಲರಿಗೂ ಒಳಿತಾಗಲಿ ಎಂದು ಗುಂಪಿಗೆ ಕಳಿಸುತ್ತಾರೆ. ಮರುಕ್ಷಣದಲ್ಲಿ ಕಿರಿಯರೊಬ್ಬರು ‘ಇಂಥದ್ದನ್ನೆಲ್ಲ ನಂಬುತ್ತೀರಲ್ಲ, ಸ್ವಲ್ಪ ಯೋಚಿಸಬಾರದೇ?’ ಎನ್ನುತ್ತಾರೆ, ನಾಲ್ಕು ಜನ ಅದಕ್ಕೆ ನಗುಮುಖ ಒತ್ತುತ್ತಾರೆ. ಆ ಹಿರಿಯರು ಮತ್ತೆಂದೂ ಆ ಗುಂಪಿನಲ್ಲಿ ಏನನ್ನೂ ಬರೆಯುವುದಿಲ್ಲ, ಸುದ್ದಿಯನ್ನು ಮಾತ್ರ ಬೇರೆ ಕಡೆ ನಂಬುತ್ತಲೇ ಇರುತ್ತಾರೆ. ತಿದ್ದುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಔಷಧ, ಹಣ, ಸಮುದಾಯಗಳ ನಡುವಿನ ದ್ವೇಷಕ್ಕೆ ಸಂಬಂಧಿಸಿದ ಸುಳ್ಳನ್ನು ಗುಂಪಿನಲ್ಲಿ ತಕ್ಷಣ ತಿದ್ದದಿದ್ದರೆ ಇತರರಿಗೆ ಹಾನಿಯಾಗುತ್ತದೆ. ಆಗಲೂ ಸುಳ್ಳನ್ನು ಹೆಸರಿಸಿ, ಕಳಿಸಿದವರನ್ನು ಹೆಸರಿಸದೆ, ‘ಈ ಸಂದೇಶ ನಿಜವಲ್ಲ, ಸರಿಯಾದ ಮಾಹಿತಿ ಇಲ್ಲಿದೆ’ ಎಂದು ಬರೆಯಬಹುದು. ಜೊತೆಗೇ ಆ ಹಿರಿಯರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ ವಿವರಿಸಬಹುದು. ಬೇರೆಯವರಿಗೆ ಹಾನಿಯಿಲ್ಲದ ಸಣ್ಣಪುಟ್ಟ ತಪ್ಪುಗಳಿಗೆ, ಅದರಲ್ಲೂ ಕಾಗುಣಿತದ ತಪ್ಪುಗಳಿಗೆ, ಸಭೆ ಸೇರಿಸುವ ಅಗತ್ಯವೇ ಇಲ್ಲ.

ಸಣ್ಣ ಸಂಗತಿಗಳು ಇನ್ನೂ ಕೆಲವು ಇವೆ. ಅಪರಿಚಿತರನ್ನು, ಅವರ ವಯಸ್ಸಾಗಲಿ ವೃತ್ತಿಯಾಗಲಿ ತಿಳಿಯದೆ, ಮೊದಲ ಮಾತಿನಲ್ಲೇ ಏಕವಚನದಲ್ಲಿ ಕರೆಯುವುದು ಈಗ ಸಲಿಗೆಯೂ ಅಲ್ಲ, ಬರಿಯ ಉಡಾಫೆ. ಸಂದೇಶ ಓದಿದ್ದಕ್ಕೆ ನೀಲಿ ಗುರುತು ಬಂದ ಮಾತ್ರಕ್ಕೆ ಉತ್ತರವೂ ಕೂಡಲೇ ಬರಬೇಕೆಂದು ಒತ್ತಾಯಿಸುವುದು ಸಲ್ಲದು. ಓದಿದವರು ಆಸ್ಪತ್ರೆಯಲ್ಲಿರಬಹುದು, ಕೆಲಸದಲ್ಲಿರಬಹುದು, ಯೋಚಿಸುತ್ತಿರಲೂಬಹುದು.

ಆದರೆ ಒಂದು ವಿಷಯವನ್ನು ಸಣ್ಣದೆಂದು ಬಿಡಲಾರೆ. ಒಬ್ಬರು ನಮ್ಮನ್ನು ನಂಬಿ ಬರೆದ ಮಾತನ್ನು ಅವರನ್ನು ಕೇಳದೆ ಸ್ಕ್ರೀನ್‌ಶಾಟ್ ಮಾಡಿ ಇನ್ನೊಬ್ಬರಿಗೆ ತೋರಿಸುವುದು ಇಂದು ಯಾರಿಗೂ ತಪ್ಪೆನಿಸುತ್ತಿಲ್ಲ. ಅನ್ಯಾಯಕ್ಕೆ, ಬೆದರಿಕೆಗೆ ಸಾಕ್ಷ್ಯ ಒದಗಿಸುವ ಸಂದರ್ಭ ಬೇರೆ. ಹರಟೆಗೋಸ್ಕರ, ವಾದ ಗೆಲ್ಲುವುದಕ್ಕೋಸ್ಕರ ಮಾಡುವುದು ನಂಬಿಕೆದ್ರೋಹ. ಪೋಸ್ಟ್‌ಕಾರ್ಡಿನ ಮೇಲೆ ಬರೆಯಲಾಗದ್ದನ್ನು ಇ-ಮೇಲ್‌ನಲ್ಲೂ ಬರೆಯಬೇಡಿ ಎಂದು ಮೇಲೆ ಹೇಳಿದ ದಾಖಲೆಯೇ ಎಚ್ಚರಿಸಿದೆ. ಆ ಎಚ್ಚರಿಕೆ ಬರೆಯುವವರಿಗೆ, ಪಡೆದವರಿಗೆ ಪರವಾನಗಿಯಲ್ಲ. ಸಾವು, ಅಪಘಾತ, ಕಾಯಿಲೆಗಳ ಸುದ್ದಿಯಲ್ಲಿ ಇದು ಇನ್ನೂ ಕ್ರೂರವಾಗುತ್ತದೆ. ಮನೆಯವರು ಹತ್ತಿರದವರಿಗೆಲ್ಲ ತಿಳಿಸುವ ಮೊದಲೇ ಯಾರೋ ಭಾವಚಿತ್ರ ಹಾಕಿ ಶ್ರದ್ಧಾಂಜಲಿ ಬರೆದುಬಿಡುತ್ತಾರೆ. ಮಗ ತಂದೆಯ ಸಾವನ್ನು, ಅಕ್ಕ ತಮ್ಮನ ಸಾವನ್ನು ಬೇರೆಯವರ ಸ್ಟೇಟಸ್‌ನಿಂದ ತಿಳಿಯುವಂತಾಗುವುದಕ್ಕಿಂತ ದೊಡ್ಡ ಅಮಾನುಷತೆ ಯಾವುದಿದೆ? ಮನೆಯವರೇ ಪ್ರಕಟಿಸುವವರೆಗೆ ಸುಮ್ಮನಿರುವುದು ನಮ್ಮ ಕನಿಷ್ಠ ಕರ್ತವ್ಯ.

ಸಭ್ಯತೆಯ ಮಾತೆತ್ತಿದರೆ ‘ಹಾಗಾದರೆ ಟೀಕೆಯೇ ಕೂಡದೇ?’ ಎಂಬ ಪ್ರಶ್ನೆ ಬರುತ್ತದೆ. ಇದು ನ್ಯಾಯವಾದ ಪ್ರಶ್ನೆ, ಏಕೆಂದರೆ ಅಧಿಕಾರದಲ್ಲಿರುವವರು ತಮ್ಮನ್ನು ಪ್ರಶ್ನಿಸುವವರ ಬಾಯಿ ಮುಚ್ಚಿಸಲು ಮರ್ಯಾದೆಯ ಹೆಸರು ಹೇಳುವುದುಂಟು. ನೊಂದವರ ದನಿ ಏರಿದ್ದನ್ನೇ ತಪ್ಪೆಂದು ಎಣಿಸಿ ಅವರ ದೂರನ್ನು ಕೇಳದಿರುವುದು ಸಭ್ಯತೆಯಲ್ಲ. ಎಷ್ಟೇ ಕಟುವಾದ ಟೀಕೆಯನ್ನೂ ಮಾಡಬಹುದು, ಅದು ಆಡಿದ ಮಾತಿನ ಮೇಲೆ, ಮಾಡಿದ ಕೆಲಸದ ಮೇಲೆ ಇರಬೇಕು; ರೂಪ, ಜಾತಿ, ಲಿಂಗ, ಮನೆಯವರನ್ನು ಎಳೆದು ತರಬಾರದು. ಎದುರಾಳಿಯ ಮಾತಿನ ಒಂದು ತುಂಡನ್ನು ಕಿತ್ತು ತಂದು ಖಂಡಿಸುವ ಬದಲು ಅವರ ವಾದವನ್ನು ಅವರೇ ಒಪ್ಪುವಂತೆ ಮೊದಲು ಹೇಳಿ, ಆಮೇಲೆ ಖಂಡಿಸುವುದು ಹೆಚ್ಚು ಪರಿಣಾಮಕಾರಿ ಕೂಡ. ಮನೋವಿಜ್ಞಾನಿ ಜಾನ್ ಸುಲರ್ 2004ರ ತಮ್ಮ ಲೇಖನದಲ್ಲಿ, ಅನಾಮಿಕತೆ, ಕಣ್ಣಿಗೆ ಬೀಳದಿರುವುದು, ಉತ್ತರಕ್ಕೆ ಆ ಕ್ಷಣವೇ ಮುಖ ಕೊಡಬೇಕಿಲ್ಲದಿರುವುದು, ಇಂಥ ಕಾರಣಗಳಿಂದ ಆನ್‌ಲೈನ್‌ನಲ್ಲಿ ಮನುಷ್ಯನ ಸಂಕೋಚ ಸಡಿಲವಾಗುತ್ತದೆ ಎಂದು ವಿವರಿಸಿದ್ದಾರೆ. ಅದೇ ಸಡಿಲಿಕೆ ಕೆಲವರಿಗೆ ಬಹಳ ದಿನ ಬಚ್ಚಿಟ್ಟ ದುಃಖವನ್ನು ಹೇಳಿಕೊಳ್ಳುವ ಧೈರ್ಯವನ್ನೂ ಕೊಡುತ್ತದೆ ಎಂದು ಅವರು ಗುರುತಿಸಿರುವುದನ್ನು ಮರೆಯಬಾರದು. ಹಾಗೆ ಧೈರ್ಯ ಮಾಡಿ ಬರೆದವರಿಗೆ ಮೊದಲು ಸಿಗುವ ಉತ್ತರ ಗೇಲಿಯಾಗಿದ್ದರೆ, ಅವರು ಇನ್ನೆಲ್ಲಿ ಹೇಳಿಕೊಳ್ಳಬೇಕು?

ಶಾಲೆಗಳಲ್ಲಿ ಪತ್ರಲೇಖನ ಇಂದಿಗೂ ಪಾಠದ ಭಾಗ. ರಜೆ ಕೋರುವ ಪತ್ರ, ಮಿತ್ರನಿಗೆ ಪತ್ರ ಬರೆಯಲು ಕಲಿಯುವ ಮಕ್ಕಳಿಗೆ ಇ-ಮೇಲ್‌ಗೆ ವಿಷಯಸೂಚನೆ ಬರೆಯುವುದು, ಗುಂಪಿನಲ್ಲಿ ಭಿನ್ನಾಭಿಪ್ರಾಯ ತಿಳಿಸುವುದು, ಇತರರ ಚಿತ್ರ ಹಂಚುವ ಮುನ್ನ ಅನುಮತಿ ಕೇಳುವುದು, ಇವುಗಳನ್ನೂ ಬರೆಸಿ ಅಭ್ಯಾಸ ಮಾಡಿಸಬೇಕು. ಕ್ಷಮೆ ಕೇಳುವುದನ್ನೂ ಕಲಿಸಬೇಕು: ನೂರು ಜನರೆದುರು ಆಡಿದ ಮಾತಿಗೆ ಗುಟ್ಟಾಗಿ ಕೇಳಿದ ಕ್ಷಮೆ ಸಾಲದು, ಅದೇ ಗುಂಪಿನಲ್ಲಿ, ‘ಬೇಸರವಾಗಿದ್ದರೆ’ ಎಂಬ ಷರತ್ತಿಲ್ಲದೆ ಕೇಳಬೇಕು. ಪಠ್ಯ ರೂಪಿಸುವವರು ಮತ್ತು ಭಾಷಾ ಶಿಕ್ಷಕರು ಈ ಬಗ್ಗೆ ತಮ್ಮ ಅಭಿಪ್ರಾಯಗಳನ್ನು ಇದೇ ಅಂಕಣಕ್ಕೆ ಬರೆಯಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ