ಗರ್ಭಪಾತದ ಮಾತ್ರೆಗೆ ಮೊದಲು ಸ್ಕ್ಯಾನಿಂಗ್ ಆಗಲಿ

ಮಾನ್ಯರೇ,

ಮುಟ್ಟು ತಪ್ಪಿ ಹತ್ತು ದಿನವಾಗುತ್ತಲೇ ಚೀಟಿಯಿಲ್ಲದೆ ಗರ್ಭಪಾತದ ಕಿಟ್ ತಂದು ನುಂಗುವವರು ನಮ್ಮ ಮಲೆನಾಡಿನಲ್ಲಿ ಈಗಲೂ ಇದ್ದಾರೆ. ಆ ಮಾತ್ರೆ ಕೆಲಸ ಮಾಡುವುದು ಗರ್ಭಕೋಶದೊಳಗಿನ ಗರ್ಭದ ಮೇಲೆ. ಟ್ಯೂಬಿನಲ್ಲಿ, ಅಂದರೆ ಗರ್ಭನಾಳದಲ್ಲಿ ನಿಂತ ಗರ್ಭ ಅದಕ್ಕೆ ಜಗ್ಗುವುದಿಲ್ಲ. ಆದರೂ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುವುದರಿಂದ ‘ಎಲ್ಲ ಹೋಯಿತು’ ಎಂದು ಮನೆಯವರು ನಿರಾಳರಾಗುತ್ತಾರೆ. ಇತ್ತ ನಾಳ ಉಬ್ಬುತ್ತಾ ಹೋಗಿ, ಹೆಚ್ಚಾಗಿ 6ರಿಂದ 8ನೇ ವಾರದಲ್ಲಿ ಒಡೆಯುತ್ತದೆ. 100 ಬಸಿರಿನಲ್ಲಿ ಒಂದೋ ಎರಡೋ ಹೀಗೆ ನಾಳದಲ್ಲಿ ನಿಲ್ಲುತ್ತವೆ.

ಒಡೆಯುವ ಮುನ್ನ ಗೊತ್ತಾದರೆ ಹೊಟ್ಟೆ ಕೊಯ್ಯುವ ಪ್ರಮೇಯ ಬರುವುದು ಕಡಿಮೆ. ನಾಳದಲ್ಲಿನ ಗರ್ಭದ ಗಡ್ಡೆ 3.5 ಸೆಂ.ಮೀ. ಒಳಗಿದ್ದು, ಭ್ರೂಣದ ಎದೆಬಡಿತ ಕಾಣದೆ, ರಕ್ತದಲ್ಲಿನ ಬಸಿರಿನ ಹಾರ್ಮೋನು ಬೀಟಾ ಎಚ್‌ಸಿಜಿ 5000ಕ್ಕಿಂತ ಕಡಿಮೆಯಿದ್ದರೆ ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನೇ ಸಾಕಾಗಬಹುದು. ಇಂಜೆಕ್ಷನ್ ಕೊಟ್ಟ 4 ಮತ್ತು 7ನೇ ದಿನದ ರಕ್ತಪರೀಕ್ಷೆಗಳ ನಡುವೆ ಎಚ್‌ಸಿಜಿ ಅಂಕಿ ಕನಿಷ್ಠ ಶೇ 15ರಷ್ಟು ಇಳಿಯಬೇಕು. ಮತ್ತೆ ಮತ್ತೆ ಪೇಟೆಗೆ ಬರಲಾಗದವರಿಗೆ ಈ ದಾರಿ ಹೇಳದಿರುವುದೇ ಒಳ್ಳೆಯದು.

ಇಲ್ಲವಾದರೆ ಲ್ಯಾಪ್ರೋಸ್ಕೋಪಿ. ಜನ ‘ಲೇಸರ್ ಆಪರೇಷನ್’ ಅನ್ನುತ್ತಾರೆ, ಲೇಸರ್ ಏನೂ ಇರುವುದಿಲ್ಲ. ಸಾಮಾನ್ಯವಾಗಿ ಹೊಕ್ಕುಳಲ್ಲಿ 10 ಮಿ.ಮೀ.ನ ಒಂದು ತೂತು, ಕೆಳಹೊಟ್ಟೆಯಲ್ಲಿ 5 ಮಿ.ಮೀ.ನ ಎರಡು. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸಿ, ನಾಳವನ್ನು ಕರೆಂಟಿನಿಂದ ಸುಟ್ಟು ಕತ್ತರಿಸಿ, ಚೀಲಕ್ಕೆ ಹಾಕಿ ಹೊರತೆಗೆಯುತ್ತಾರೆ. ಚೀಲವಿಲ್ಲದೆ ಎಳೆದರೆ ಗರ್ಭದ ಚೂರು ಹೊಟ್ಟೆಯಲ್ಲೇ ಉಳಿದು ಬೆಳೆಯಬಹುದು. ಇನ್ನೊಂದು ನಾಳ ಚೆನ್ನಾಗಿದ್ದರೆ ಹಾಳಾದದ್ದನ್ನು ತೆಗೆದುಬಿಡುವುದೇ ಸರಿ. ಅದರಿಂದ ಮುಂದೆ ಮಕ್ಕಳೇ ಆಗುವುದಿಲ್ಲ ಎಂಬುದು ಸುಳ್ಳು. ನಾಳ ಉಳಿಸಿ ಗರ್ಭವನ್ನಷ್ಟೇ ತೆಗೆದರೆ, ಎಚ್‌ಸಿಜಿ ಪೂರ್ತಿ ಇಳಿಯುವವರೆಗೆ ವಾರವಾರ ಪರೀಕ್ಷೆ ತಪ್ಪದು. ನೆಗೆಟಿವ್ ರಕ್ತದ ಗುಂಪಿನವರು ಮುಂದಿನ ಬಸಿರಿಗೆ ತೊಂದರೆಯಾಗದಂತೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೇಳಿ ಪಡೆಯಬೇಕು.

ಆಪರೇಷನ್ ಆದಮೇಲೆ ಒಂದೆರಡು ದಿನ ಹೆಗಲು ನೋಯುವುದು ತುಂಬಿಸಿದ ಗ್ಯಾಸಿನಿಂದ, ಭಯಪಡಬೇಕಿಲ್ಲ. ಆದರೆ ಮುಟ್ಟು ತಪ್ಪಿದವರಿಗೆ ಒಂದು ಮಗ್ಗುಲ ಕಿಬ್ಬೊಟ್ಟೆ ನೋವಿನ ಜೊತೆ ಹೆಗಲ ತುದಿ ನೋವು, ಕಣ್ಣುಕತ್ತಲೆ ಬಂದರೆ ಹೊಟ್ಟೆಯೊಳಗೆ ರಕ್ತ ತುಂಬಿ ವಪೆಗೆ (ಎದೆ–ಹೊಟ್ಟೆಯ ನಡುವಿನ ಪರದೆಗೆ) ತಾಗಿದೆ ಎಂದೇ ತಿಳಿಯಬೇಕು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾ ಕೂರಬಾರದು. ಬಿ.ಪಿ. ಬಿದ್ದುಹೋಗಿರುವಾಗ ‘ತೂತಿನಲ್ಲೇ ಮಾಡಿ’ ಎಂದು ಹಟ ಹಿಡಿಯುವುದೂ ಬೇಡ. ಆಗ ಬೇಗ ಹೊಟ್ಟೆ ತೆರೆದು ರಕ್ತ ನಿಲ್ಲಿಸಬೇಕು.

ಕಳಸದಿಂದ ಚಿಕ್ಕಮಗಳೂರಿಗೆ ತಿರುವಿನ ರಸ್ತೆಯಲ್ಲಿ ಎರಡು ಗಂಟೆ ಮೇಲೆ ಹಿಡಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ ಹೇಳುವಂತಿಲ್ಲ. ಹಾಗಾಗಿ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್, ಅದೇ ದಿನ ವರದಿ ಕೊಡುವ ಬೀಟಾ ಎಚ್‌ಸಿಜಿ ಪರೀಕ್ಷೆ ಎರಡೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಭಾನುವಾರವೂ ಸಿಗುವಂತಾಗಬೇಕು. ಮೊದಲ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೆ ‘ನಾರ್ಮಲ್’ ಎಂದು ಬರೆದು ಕಳಿಸದೆ, 48 ಗಂಟೆ ಬಿಟ್ಟು ಮತ್ತೆ ರಕ್ತ ಪರೀಕ್ಷಿಸಬೇಕು. ಚೀಟಿ ಕೇಳದೆ ಕಿಟ್ ಮಾರುವ ಅಂಗಡಿಗಳನ್ನು ಔಷಧ ನಿಯಂತ್ರಣ ಇಲಾಖೆ ವಿಚಾರಿಸಿಕೊಳ್ಳಲಿ. ಒಮ್ಮೆ ಹೀಗಾದವರಲ್ಲಿ ಸುಮಾರು 10ಕ್ಕೆ ಒಬ್ಬರಿಗೆ ಮತ್ತೆ ಆಗುವ ಸಂಭವವಿದೆ. ಮುಂದಿನ ಬಸಿರಿನಲ್ಲಿ 6ನೇ ವಾರಕ್ಕೇ ಸ್ಕ್ಯಾನಿಂಗ್ ಆಗುವಂತೆ ಆಶಾ ಕಾರ್ಯಕರ್ತೆಯರು ಅಂಥವರ ಹೆಸರು ಬರೆದಿಟ್ಟುಕೊಳ್ಳಬೇಕು.

– ಸ್ತ್ರೀರೋಗ ತಜ್ಞರು, ಚಿಕ್ಕಮಗಳೂರು