15 ಸೆಕೆಂಡಿನ ಪಲ್ಲವಿ

ಟೋಕಿಯೊದ ನಮ್ಮ ಸಂಕ್ರಾಂತಿ ಕೂಟಕ್ಕೆ ಬಂದವರಿಗೆ ಅಂತ್ಯಾಕ್ಷರಿಯ ಗಲಾಟೆ ನೆನಪಿರಬೇಕು. ದೊಡ್ಡವರೆಲ್ಲ ಅಕ್ಷರಕ್ಕೆ ಹಾಡು ಹೊಳೆಯದೆ ತಲೆ ಕೆರೆದುಕೊಳ್ಳುತ್ತಿದ್ದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಜಪಾನಿ ಹಾಡನ್ನೇ ಹಾಡಿಬಿಟ್ಟಳು. ಇದ್ಯಾವುದಮ್ಮ ಅಂದರೆ, "ಹೋಂಡಾ ವೆಝೆಲ್ ಹಾಡು" ಅಂದಳು. ಗಾಯಕ ಫುಜಿಯಿ ಕಾಜೆಯ 'ಕಿರಾರಿ' ಅದು. 2021ರಲ್ಲಿ ಆ ಕಾರಿನ ಜಾಹೀರಾತಿಗೆ ಬಂದದ್ದು. ಎದುರು ತಂಡ ಒಪ್ಪಲಿಲ್ಲ. ಜಗಳ ಉಪ್ಪಿಟ್ಟಿನವರೆಗೂ ಹೋಯಿತು.

ನನಗೆ ಮಾತ್ರ ಖುಷಿಯಾಯಿತು, ಯಾಕೆಂದರೆ ನನ್ನದೂ ಅದೇ ಕಥೆ. ಟೋಕಿಯೊದಲ್ಲಿ ಇಷ್ಟು ವರ್ಷ ಇದ್ದರೂ ಕಾರು ಕೊಂಡಿಲ್ಲ. ಕೊಳ್ಳಬೇಕೆಂದರೆ ಮೊದಲು ನಿಲ್ಲಿಸಲು ಜಾಗ ಇದೆ ಅಂತ ಪೊಲೀಸ್ ಠಾಣೆಯಿಂದ ಕಾಗದ ತರಬೇಕು, ಆ ಜಾಗದ ಬಾಡಿಗೆ ಕೇಳಿದರೆ ರೈಲೇ ವಾಸಿ ಅನ್ನಿಸುತ್ತದೆ. ಆದರೆ ಕಾರಿನ ಹಾಡುಗಳು? ಬಾತ್‌ರೂಮಿನಲ್ಲಿ ನನ್ನ ಬಾಯಿಗೆ ಬರುವ ಜಪಾನಿ ಹಾಡುಗಳಲ್ಲಿ ಅರ್ಧ ಅವೇ.

ಇಲ್ಲಿನ ಟಿವಿ ಜಾಹೀರಾತು ಬಹುಪಾಲು 15 ಸೆಕೆಂಡಿನದು. ಅಷ್ಟರಲ್ಲಿ ಮೈಲೇಜ್ ಹೇಳುವುದೋ, ಬೆಲೆ ಹೇಳುವುದೋ? ಎರಡನ್ನೂ ಬಿಟ್ಟು ಒಂದು ಹಾಡು ಹಾಕುತ್ತಾರೆ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು. ಕಾರಿನವರಿಗೆ ಹಾಡು ಸಿಕ್ಕಿತು, ಕ್ಯಾಸೆಟ್ಟಿನವರಿಗೆ ಬಿಟ್ಟಿ ಪ್ರಚಾರ ಸಿಕ್ಕಿತು. ಈ ಕೂಡಾವಳಿಗೆ ಇಲ್ಲಿ 'ಟೈಅಪ್' ಅನ್ನುತ್ತಾರೆ. ಕೇಳಿಸುವುದು ಹಾಡಿನ 'ಸಾಬಿ' ಮಾತ್ರ. ಸಾಬಿ ಅಂದರೆ ಹೆಚ್ಚುಕಡಿಮೆ ನಮ್ಮ ಪಲ್ಲವಿ. ಹಾಗಾಗಿ ಎಷ್ಟೋ ಹಾಡುಗಳ ಪಲ್ಲವಿ ಇಡೀ ದೇಶಕ್ಕೆ ಗೊತ್ತು, ಚರಣ ಯಾರಿಗೂ ಗೊತ್ತಿಲ್ಲ.

ಇದೇನು ಹೊಸ ರೋಗವಲ್ಲ. 1972ರಲ್ಲಿ ನಿಸ್ಸಾನ್ ಸ್ಕೈಲೈನ್‌ಗೆ ಕೆನ್, ಮೇರಿ ಎಂಬ ಜೋಡಿ ಜಪಾನ್ ಸುತ್ತುವ ಜಾಹೀರಾತು ಬಂತು. ಬಝ್ ಎಂಬ ಗುಂಪು ಅವರಿಬ್ಬರ ಹೆಸರಿನಲ್ಲೇ ಹಾಡು ಹಾಡಿತು. ಅದು ಎಷ್ಟು ಹಿಡಿಸಿತೆಂದರೆ ಜನ ಆ ಕಾರನ್ನೇ 'ಕೆನ್‌ಮೇರಿ' ಅಂತ ಕರೆಯತೊಡಗಿದರು, ಇವತ್ತಿಗೂ ಹಳೇ ಕಾರಿನ ಹುಚ್ಚರು ಹಾಗೇ ಕರೆಯುವುದು. ಹೊಕ್ಕೈಡೋದ ಬಿಯೆಯ್ ಊರಿನ ಗುಡ್ಡದ ಮೇಲೆ ಆ ಜಾಹೀರಾತಿನಲ್ಲಿ ಕಂಡ ಪಾಪ್ಲರ್ ಮರವೊಂದಿದೆ. ಹೆಸರು 'ಕೆನ್ ಮೇರಿ ಮರ'. ನಾನೂ ಹೋಗಿ ಫೋಟೊ ತೆಗೆಸಿಕೊಂಡೆ. ಮರ ಚೆನ್ನಾಗಿದೆ, ಆದರೆ ಸುಮ್ನೆ ಒಂದು ಮರ ಅಷ್ಟೆ. ಪಕ್ಕದಲ್ಲಿದ್ದ ವಯಸ್ಸಾದ ದಂಪತಿ ಮೆಲ್ಲಗೆ ಆ ಹಾಡು ಗುನುಗುತ್ತಿದ್ದರು. ಅವರಿಗೆ ಅದು ಸುಮ್ನೆ ಮರ ಆಗಿರಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು 1988ರ ನಿಸ್ಸಾನ್ ಸೆಫಿರೋ ಕಥೆ. ಗಾಯಕ ಇನೋಯೆ ಯೋಸುಯಿ ಕಾರಿನ ಕಿಟಕಿ ಇಳಿಸಿ, "ಎಲ್ಲರೂ ಚೆನ್ನಾಗಿದ್ದೀರಾ?" ಅಂತ ನಮ್ಮನ್ನು ಕೇಳುತ್ತಾರೆ. ಹಿಂದೆ ಅವರದೇ ಹಾಡು. ಜಾಹೀರಾತಿನ ಸಾಲು ಇನ್ನೂ ಮಜಾ: ತಿನ್ನು, ಮಲಗು, ಆಡು. ಬರೆದವರು ಇತೊಯಿ ಶಿಗೆಸಾತೊ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಿರೋಹಿತೋ ಚಕ್ರವರ್ತಿ ಹಾಸಿಗೆ ಹಿಡಿದರು. ದೇಶವೆಲ್ಲ ಹಬ್ಬ, ಪಟಾಕಿ, ಮದುವೆ ಊಟ ಎಲ್ಲವನ್ನೂ ತಾನಾಗಿಯೇ ಕಡಿಮೆ ಮಾಡಿಕೊಂಡಿತು. ಅಂಥ ಹೊತ್ತಿನಲ್ಲಿ ಟಿವಿಯಲ್ಲಿ ಒಬ್ಬ ನಗುತ್ತಾ "ಚೆನ್ನಾಗಿದ್ದೀರಾ" ಅಂದರೆ ಹೇಗೆ? ದನಿ ಅಳಿಸಿದರು. ಚಿತ್ರ ಹಾಗೇ ಬಿಟ್ಟರು. ಇನೋಯೆಯವರ ತುಟಿ ಆಡುತ್ತದೆ, ಮಾತು ಕೇಳಿಸುವುದಿಲ್ಲ. ಏನು ಹೇಳುತ್ತಿದ್ದಾರೆ ಅಂತ ನೋಡುವವರಿಗೆಲ್ಲ ಗೊತ್ತು. 1989ರ ಜನವರಿ 7ರಂದು ಚಕ್ರವರ್ತಿ ತೀರಿಕೊಂಡರು. ಆ ತಿಂಗಳುಗಳ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಆ ಮೂಕ ತುಟಿಯಷ್ಟು ಹೇಳಿಲ್ಲ.

ಇನ್ನು 1995ರ ಟೊಯೊಟಾ 'ಕರೋಲಾ ಟು' ಕಾರಿನ ಹಾಡು. ಒಝಾವಾ ಕೆಂಜಿ ಹಾಡಿದ್ದು. ಹಾಡಿನ ಹೆಸರಿನಲ್ಲೇ ಕಾರಿನ ಹೆಸರು! ಕಾರಿನಲ್ಲಿ ಸಾಮಾನು ತರಲು ಹೊರಟವನಿಗೆ ದಾರಿಯಲ್ಲಿ ಪರ್ಸ್ ಇಲ್ಲ ಅಂತ ಗೊತ್ತಾಗುತ್ತದೆ, ಸರಿ ಬಿಡು ಅಂತ ಹಾಗೇ ಸುತ್ತಾಡಿ ಬರುತ್ತಾನೆ. ಕಾರು ಮಾರಲು ಪರ್ಸ್ ಮರೆತವನ ಹಾಡು, ಎಂಥ ತಲೆ ನೋಡಿ. ಇದರ ಉಲ್ಟಾ ಕಥೆಯೂ ಇದೆ. ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ ಜಾಹೀರಾತು ಕೂಡದು. ಗಾಯಕಿ ಯಮಾಗುಚಿ ಮೊಮೊಯೆ 1978ರ ತನ್ನ ಹಿಟ್ ಹಾಡನ್ನು ಅಲ್ಲಿ ಹಾಡುವಾಗ 'ಕೆಂಪು ಪೋರ್ಶೆ' ಅನ್ನುವ ಕಡೆ 'ಕೆಂಪು ಕಾರು' ಅಂತ ಬದಲಾಯಿಸಿ ಹಾಡಬೇಕಾಯಿತು.

ಚಿಕ್ಕಪುಟ್ಟವು ಬೇಕಾದಷ್ಟಿವೆ. 1981ರಲ್ಲಿ ಹೋಂಡಾ ಸಿಟಿಗೆ ಇಂಗ್ಲೆಂಡಿನ ಮ್ಯಾಡ್ನೆಸ್ ಬ್ಯಾಂಡಿನವರು ಒಬ್ಬರ ಹಿಂದೊಬ್ಬರು ಜರಿಹುಳದ ಹಾಗೆ ಸಾಲುಗಟ್ಟಿ ನಡೆದರು. ಮರುವರ್ಷ ನಿಸ್ಸಾನ್ ಮಾರ್ಚ್‌ಗೆ 'ಮಾಚ್ಚಿ' ಅಂತ ಮುದ್ದು ಹೆಸರಿದ್ದ ಗಾಯಕ ಕೊಂಡೊ ಮಸಾಹಿಕೊ ಬಂದರು, ಬರೀ ಪ್ರಾಸಕ್ಕೆ. (ಅದರ ಮೊಮ್ಮಗನಂಥ ಕಾರೇ ಆಮೇಲೆ ಮೈಕ್ರಾ ಅಂತ ಚೆನ್ನೈಯಲ್ಲಿ ತಯಾರಾಗಿ ಬೆಂಗಳೂರಿನಲ್ಲೂ ಓಡಾಡಿತು.)

ಕಿರಾರಿ ಹುಡುಗಿಯ ಪರವಾಗಿ ಇನ್ನೊಂದು ಮಾತು. ಫುಜಿಯಿ ಕಾಜೆಯ 2020ರ ಮೊದಲ ಆಲ್ಬಮ್ಮಿನ ಹೆಸರು 'ಹೆಲ್ಪ್ ಎವರ್ ಹರ್ಟ್ ನೆವರ್'. ಪುಟ್ಟಪರ್ತಿ, ವೈಟ್‌ಫೀಲ್ಡ್ ಕಡೆ ಓಡಾಡಿದವರು ಈ ಸಾಲನ್ನು ಎಲ್ಲಿ ಓದಿದ್ದೀರಿ ಅಂತ ನಾನು ಹೇಳಬೇಕಿಲ್ಲ. ಆತ 2022ರಲ್ಲಿ ಒಂದು ಹಾಡಿನ ವಿಡಿಯೊವನ್ನು ಇಂಡಿಯಾದಲ್ಲೇ ಮಾಡಿದರು. ಪೂರ್ತಿ ಪರಕೀಯ ಅನ್ನಲಾಗದು, ಅಲ್ವಾ?

ಸಮಿತಿ ಸೇರಿ ತೀರ್ಮಾನ ಮಾಡಿದೆ. ಯುಗಾದಿಯ ಅಂತ್ಯಾಕ್ಷರಿಯಲ್ಲಿ ಕಾರಿನ ಹಾಡಿಗೂ ಒಪ್ಪಿಗೆ ಉಂಟು. ಆದರೆ 15 ಸೆಕೆಂಡಿನ ಪಲ್ಲವಿಗೆ ಅರ್ಧ ಅಂಕ ಮಾತ್ರ. ಚರಣವನ್ನೂ ಹಾಡಿದವರಿಗೆ ಪೂರ್ತಿ. ಆ ಹುಡುಗಿ ಆಗಲೇ ಕಲಿಯಲು ಶುರು ಮಾಡಿದ್ದಾಳಂತೆ.